ಗಲ್ಫಿನವರ ಕಾರು

ಅಪ್ಪನ ಬೆರಳುಗಳ ನಡುವೆ ಜಪಮಾಲೆ ಸಿಕ್ಕಿಸುತ್ತಿದ್ದ ರೀಮಾ ಥಟ್ಟನೆ ಕೈ ನಿಲ್ಲಿಸಿದಳು. ಉಗುರುಗಳು ನಸುಗೆಂಪಾಗಿದ್ದವು. ಮಸ್ಕತ್ತಿನ ಆಸ್ಪತ್ರೆಯಲ್ಲಿ ನರ್ಸಾಗಿ ಅವಳು ಕಂಡ ಸತ್ತವರ ಉಗುರುಗಳು ಹೀಗಿರುತ್ತಿರಲಿಲ್ಲ.

"ಮುಖ ನೋಡು ಬೆನಿಟಾ, ಈಗ ಎದ್ದು ಚಾ ಕೇಳ್ತಾನೋ ಅನ್ನಿಸ್ತದೆ," ಎಂದು ಅಮ್ಮನಿಗೆ ಹೇಳಿದಳು ಅಪ್ಪನ ತಂಗಿ ಒಲಿವಿಯಾ. "ಕೆನ್ನೆ ಎಷ್ಟು ಕೆಂಪು! ಮದುವೆ ದಿನ ಸಹ ಇಷ್ಟು ಚೆಂದ ಇರ್ಲಿಲ್ಲ ಮಾರಾಯ್ತಿ."

"ಮದುವೆ ದಿನ ಇವರ ಮುಖದಲ್ಲಿ ಗ್ರೀಸ್ ಇತ್ತು," ಎಂದರು ಅಮ್ಮ. "ಬ್ಯಾಂಡಿನವರ ವ್ಯಾನ್ ದಾರಿಯಲ್ಲಿ ನಿಂತಿತ್ತಲ್ಲ, ಕೋಟು ಹಾಕಿಕೊಂಡೇ ಬಾನೆಟ್ ಒಳಗೆ ತಲೆ ಹಾಕಿದ್ರು."

ಅಳುತ್ತಿದ್ದವರೂ ನಕ್ಕರು. ರೀಮಾ ನಗಲಿಲ್ಲ. ಅವಳು ಬರಲೆಂದು ದೇಹವನ್ನು ಶೀತಪೆಟ್ಟಿಗೆಯಲ್ಲಿ ಇಟ್ಟಿದ್ದರು. ತಂಪಿಗೂ ಹೀಗೆ ಕೆಂಪಾಗುವುದುಂಟು ಎಂದು ತನಗೇ ಹೇಳಿಕೊಂಡಳು. ವಯಸ್ಸಾಗಿತ್ತು, ಬಿ.ಪಿ. ಮಾತ್ರೆ ಇತ್ತು. ಡಾಕ್ಟರು ಹೃದಯಾಘಾತ ಎಂದು ಬರೆದಿದ್ದರು, ಯಾರೂ ಹೆಚ್ಚು ಕೇಳಿರಲಿಲ್ಲ.

ಬಸ್ಸಿನ ಕೆಲಸ ಬಿಟ್ಟ ಮೇಲೆ ಅಪ್ಪ ಮೊರಿಸ್, ತಮ್ಮೂರು ಜೆಪ್ಪುವಿನಿಂದ ಗಲ್ಫಿಗೆ ಹೋದವರ ಕಾರುಗಳನ್ನು ನೋಡಿಕೊಳ್ಳುತ್ತಿದ್ದರು. ಮಾಲೀಕರು ರಜೆಗೆ ಬರುವವರೆಗೆ ವಾರಕ್ಕೊಮ್ಮೆ ಆಯಿಲ್ ನೋಡಿ, ಟಯರಿನ ಗಾಳಿ ನೋಡಿ, ಇಂಜಿನ್ ಸ್ಟಾರ್ಟ್ ಮಾಡಿಟ್ಟು ಕೂರುವುದು. ಜೀವ ಹೋದದ್ದೂ ಹಾಗೆ ಕೂತಲ್ಲೇ. ಮನೆಯ ದಾರಿಯಲ್ಲೇ ಇದ್ದ, ದುಬೈಯಲ್ಲಿರುವ ಶರೊನ್ ಅವರ ಗ್ಯಾರೇಜಿನಲ್ಲಿ, ಅವರ ತಂದೆಯ ಕಾಲದ ಹಳೆಯ ಕಾರಿನಲ್ಲಿ.

*

ರೀಮಾ ಚಿಕ್ಕವಳಿದ್ದಾಗ ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿಸಿ ಬಂದವರೇ ಅಪ್ಪ ಯಾರದಾದರೂ ಕಾರಿನ ಬಾನೆಟ್ ಎತ್ತುತ್ತಿದ್ದರು. ಆಯಿಲಿನ ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ತೆಗೆಯುತ್ತಿದ್ದರು.

"ಇಂಜಿನ್ ತಣ್ಣಗಿರುವಾಗ ನೋಡ್ಬೇಕು. ಎರಡು ಗುರುತಿನ ಮಧ್ಯೆ ಆಯಿಲ್ ಉಂಟಾ? ಸಾಕು. ಸ್ಟಾರ್ಟ್ ಮಾಡಿದ ಕೂಡ್ಲೆ ರೇಸ್ ಕೊಡ್ಲಿಕ್ಕಿಲ್ಲ. ಆಯಿಲ್ ಮೇಲೆ ಹತ್ತಲಿ, ಪಾಪ."

"ಒಳಗೆ ಎಂತ ಆಗ್ತದೆ ಪಪ್ಪಾ?"

"ನಮ್ಮ ಹಾಗೆಯೇ. ಉಸಿರು ಎಳೀತದೆ, ಗಾಳಿ ಪೆಟ್ರೋಲು ಒಟ್ಟಿಗೆ. ಪಿಸ್ಟನ್ ಮೇಲೆ ಬಂದು ಅದನ್ನು ಒತ್ತುತ್ತದೆ. ಪ್ಲಗ್ಗಿನ ಕಿಡಿ ತಾಗಿದ್ರೆ ಢಂ! ಆ ಪೆಟ್ಟಿಗೆ ಪಿಸ್ಟನ್ ಕೆಳಗೆ, ಚಕ್ರ ಮುಂದೆ. ಮತ್ತೆ ಉಸಿರು ಬಿಡ್ತದೆ."

"ಬಿಟ್ಟದ್ದು ಎಲ್ಲಿಗೆ ಹೋಗ್ತದೆ?"

ಅವರು ಅವಳನ್ನು ಹಿಂದೆ ಕರೆದುಕೊಂಡು ಹೋಗಿ ಸೈಲೆನ್ಸರ್ ತೋರಿಸಿದರು. "ಹೊರಗೆ. ಇಲ್ಲಿ ಮೂಗು ಇಡ್ಬೇಡ. ಇದು ಅದರ ಎಂಜಲು."

*

ನೆರೆಮನೆಯ ಕಿನ್ನಿ ಬಂದು ಗೋಡೆಗೆ ಒರಗಿ ತಲೆ ಹಿಡಿದುಕೊಂಡಳು. ಅಪ್ಪನನ್ನು ಅವಳು ಪೊರ್ಬುಗಳು ಎಂದೂ ಅಮ್ಮನನ್ನು ಬಾಯಮ್ಮ ಎಂದೂ ಕರೆಯುತ್ತಿದ್ದಳು.

"ಪೊರ್ಬುಗಳನ್ನು ಮೊದಲು ನೋಡಿದ್ದು ನಾನೇ ಬಾಯಮ್ಮ. ಶಟರ್ ಎತ್ತಿದ್ರೆ, ಚಾವಿ ಆನ್ ಉಂಟು, ಕಾರು ತನ್ನಷ್ಟಕ್ಕೇ ಬಂದ್ ಆಗಿದೆ. ಹೆದರಿಕೆಗೆ ನನಗೂ ತಲೆ ತಿರುಗಿ ವಾಂತಿ ಆಯ್ತು."

ರೀಮಾ ತಿರುಗಿದಳು. "ಶಟರ್ ಪೂರ್ತಿ ಹಾಕಿತ್ತಾ?"

"ಮತ್ತೆಂತ? ತೆರೆದಿಟ್ರೆ ಕಂಡವರೆಲ್ಲ ಮದುವೆಗೆ ಕಾರು ಕೇಳ್ಲಿಕ್ಕೆ ಬರ್ತಾರೆ ಅಂತ ಶರೊನ್ ಬಾಯಿ ದುಬೈಯಿಂದ ಫೋನಲ್ಲಿ ಬೈದಿದ್ರು."

"ಮೇಲೆ ಗಾಳಿಗೆ ಕಿಂಡಿ ಇತ್ತಲ್ಲ?"

"ಅದರಲ್ಲಿ ಪಾರಿವಾಳ ಬಂದು ಕಾರಿನ ಮೇಲೆಲ್ಲ ಗಲೀಜು. ಹೋದ ವಾರ ನಮ್ಮ ಲತೇಶ ಶೀಟು ಹೊಡೆದು ಬಂದ್ ಮಾಡಿದ. ಪೊರ್ಬುಗಳಿಗೆ ಹೇಳ್ಲಿಕ್ಕೆ ಮರೆತೇ ಹೋಯ್ತಂತೆ."

ರೀಮಾ ಅಪ್ಪನ ಕೆನ್ನೆಯನ್ನು ನೋಡಿದಳು. ಮುಚ್ಚಿದ ಜಾಗದಲ್ಲಿ ಇಂಜಿನಿನ ಹೊಗೆ ಕುಡಿದರೂ ಹೀಗೆ ಕೆಂಪಾಗುವುದುಂಟು. ಈಗ ಹೇಳಿದರೆ ಪೊಲೀಸರು ಬರುತ್ತಾರೆ, ಪೋಸ್ಟ್‌ಮಾರ್ಟಂ ಆಗುತ್ತದೆ. ಈ ಹೆಂಗಸಿನ ಒಬ್ಬನೇ ಮಗ ಲತೇಶನ ಹೆಸರು ಎಲ್ಲರ ಬಾಯಿಗೆ ಬರುತ್ತದೆ. ಮಣ್ಣಾಗಲಿ, ಆಮೇಲೆ ಹೇಳಿದರಾಯಿತು. ಅವಳು ಜಪಮಾಲೆಯ ಶಿಲುಬೆಯನ್ನು ಸರಿಪಡಿಸಿ ಹಿಂದೆ ಸರಿದಳು.

ಪಾದ್ರಿಗಳು ಪ್ರಾರ್ಥನೆ ಮುಗಿಸಿದರು. ಪೆಟ್ಟಿಗೆಯನ್ನು ಹೊತ್ತು ವ್ಯಾನಿಗೆ ಏರಿಸಿದರು. ಹಿಂದೆ ನೆಂಟರ ಕಾರುಗಳು ಸಾಲಾಗಿ, ಎ.ಸಿ. ಹಾಕಿಕೊಂಡು, ಗುರುಗುಟ್ಟುತ್ತ ಕಾಯುತ್ತಿದ್ದವು.

"ಲತೇಶ್ ಎಲ್ಲಿ?" ಅಮ್ಮ ಕೇಳಿದರು. "ಹೆಗಲು ಕೊಡ್ತೇನೆ ಅಂದಿದ್ದ."

"ಈಗ ಬರ್ತಾನೆ ಬಾಯಮ್ಮ," ಎಂದಳು ಕಿನ್ನಿ. "ಶರೊನ್ ಬಾಯಿ ಪುನಃ ಫೋನ್ ಮಾಡಿದ್ರು. ಇನ್ನು ಕಾರು ನೀನೇ ನೋಡಿಕೋ, ಇವತ್ತೇ ಒಮ್ಮೆ ಸ್ಟಾರ್ಟ್ ಮಾಡು ಅಂತ. ಹೋಗಿ ತುಂಬಾ ಹೊತ್ತಾಯ್ತು."

"ಶಟರ್ ಹಾಕಿಯಾ?" ರೀಮಾ ಕೇಳಿದಳು.

"ಮತ್ತೆ? ಇಷ್ಟು ಜನ ದಾರಿಯಲ್ಲಿ ಇರುವಾಗ!"

ರೀಮಾ ಓಡಿದಳು. ಹಿಂದಿನಿಂದ ಒಲಿವಿಯಾ, "ಎಂತ ಇದು, ಅಪ್ಪನನ್ನು ಬಿಟ್ಟು!" ಎಂದು ಕೂಗಿದ್ದು ಕೇಳಿಸಿತು. ಶರೊನ್ ಅವರ ಗೇಟು ದಾಟಿ ಶಟರಿನ ಮೇಲೆ ಅಂಗೈ ಇಟ್ಟಳು. ತಗಡು ನಡುಗುತ್ತಿತ್ತು. ಎರಡೂ ಕೈಯಲ್ಲಿ ಎತ್ತಿದಾಗ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಲತೇಶ್ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಮಲಗಿದ್ದ. ಅವಳು ಉಸಿರು ಬಿಗಿಹಿಡಿದು ಒಳಹೊಕ್ಕು ಚಾವಿ ತಿರುಗಿಸಿದಳು. ಕಂಕುಳಿಗೆ ಕೈಹಾಕಿ ಅವನನ್ನು ಅಂಗಳಕ್ಕೆ ಎಳೆದು ತಂದಳು.

"ವ್ಯಾನ್ ತನ್ನಿ!"

"ಅದರಲ್ಲಿ ನಿನ್ನ ಪಪ್ಪ..." ಎಂದರು ಹಿಂದೆ ಓಡಿಬಂದವರಲ್ಲಿ ಒಬ್ಬರು.

"ಪಪ್ಪನನ್ನು ಇಳಿಸಿ! ಪಪ್ಪ ಹೋದದ್ದು ಹಾರ್ಟಿನಿಂದ ಅಲ್ಲ. ಈ ಹೊಗೆಯಿಂದ!"

ಗಂಡಸರು ಪಾದ್ರಿಗಳ ಮುಖ ನೋಡಿದರು. ಅಮ್ಮ ಮುಂದೆ ಬಂದು ವ್ಯಾನಿನ ಹಿಂಬಾಗಿಲನ್ನು ತಾವೇ ತೆರೆದರು.

"ಇಳಿಸಿ," ಎಂದರು. "ಇವರಿಗೆ ಈಗ ಎಂತ ಅರ್ಜೆಂಟ್?"

ವ್ಯಾನ್ ಹೊರಟಾಗ ಲತೇಶನ ಎದೆ ಏರಿಳಿಯುತ್ತಿತ್ತು. ಕಣ್ಣು ತೆರೆದಿತ್ತು, ಆದರೆ ಹೆಸರು ಹಿಡಿದು ಕೂಗುತ್ತಿದ್ದ ತಾಯಿಯ ಕಡೆ ಅದು ತಿರುಗಲಿಲ್ಲ. ರೀಮಾ ಅವನ ನಾಡಿ ಹಿಡಿದುಕೊಂಡೇ ಹಿಂದಿನ ಗಾಜಿನಿಂದ ನೋಡಿದಳು. ಪೆಟ್ಟಿಗೆ ರಸ್ತೆಯ ನಡುವೆ ಬಿಸಿಲಿನಲ್ಲಿತ್ತು. ಅಮ್ಮ ಅದರ ಪಕ್ಕ ನಿಂತಿದ್ದರು. ಅವರ ಹಿಂದೆ ಸಾಲಾಗಿ ನಿಂತ ಕಾರುಗಳ ಇಂಜಿನ್‌ಗಳು ಒಂದೊಂದಾಗಿ ಬಂದ್ ಆಗುತ್ತಿದ್ದವು. ಒಳಗಿದ್ದವರು ಗಾಜು ಇಳಿಸಿ, ಬಾಗಿಲು ತೆರೆದು, ಕೆಳಗಿಳಿದು ತಮ್ಮ ತಮ್ಮ ಕಾರಿನಿಂದ ದೂರ ಸರಿದು ನಿಂತರು.