ಕಡೇ ಬಸ್ಸಿನ ಟೈಮು

ಶನಿವಾರ ಮಧ್ಯಾಹ್ನ ಗಗನ ಕಾಲೇಜಿನಿಂದ ಮನೆಗೆ ಬಂದಾಗ ಅವನ ಲ್ಯಾಪ್‌ಟಾಪು ಎಂದಿನಂತೆ ಹೊಲಿಗೆ ಮಷೀನಿನ ಮೇಲೆಯೇ ಇತ್ತು. ಆದರೆ ಯಾರೋ ಅದನ್ನು ಒರೆಸಿ ಫಳಫಳ ಅನ್ನಿಸಿದ್ದರು. ಮುಚ್ಚಳದ ಮೇಲೆ ಅವನು ಆಸೆಪಟ್ಟು ಅಂಟಿಸಿದ್ದ ಪೆಂಗ್ವಿನ್ ಚಿತ್ರವನ್ನು ಕೆರೆದು ತೆಗೆದಿದ್ದರು. ತೆರೆದು ನೋಡಿದರೆ ಕರಿ ಪರದೆಯಿಲ್ಲ, ಬಿಳಿ ಅಕ್ಷರಗಳಿಲ್ಲ. ನೀಲಿ ಬಣ್ಣದ ವಿಂಡೋಸ್ ಹಲ್ಲು ಕಿರಿಯುತ್ತಾ ಕೂತಿತ್ತು.

"ರಿಪೇರಿ ಮಾಡಿಸ್ಕಂಡ್ ಬಂದೆ ಕಣ್ಲಾ," ಅಂದ ಅಪ್ಪ ಚಲುವರಾಜು, ಜಗಲಿಯಿಂದಲೇ. "ಮದ್ದೂರಲ್ಲಿ ರಂಜಿತನ ಅಂಗ್ಡಿಲಿ. ಒಂದ್ ಗಂಟೆ ಕೆಲ್ಸ. ಅದ್ಕೆ ನೀನು ಎಂಟ್ ತಿಂಗ್ಳಿಂದ ಒದ್ದಾಡ್ತಿದ್ದೆ."

ಕೆಡದೇ ಇದ್ದದ್ದನ್ನು ರಿಪೇರಿ ಮಾಡಿಸಿಕೊಂಡು ಬಂದ ಅಪ್ಪನಿಗೆ ಏನೆಂದು ಉತ್ತರ ಕೊಡುವುದು? ಹಾಗೆಂದು ಚಲುವರಾಜುವೊಬ್ಬನನ್ನೇ ದೂರಿದರೂ ನ್ಯಾಯವಲ್ಲ. ಆ ಯಂತ್ರವನ್ನು ಕಂಡ ಯಾರಿಗಾದರೂ ಅದು ಕೆಟ್ಟಿದೆ ಅಂತಲೇ ಅನ್ನಿಸುತ್ತಿತ್ತು. ಮಂಡ್ಯದಲ್ಲಿ ಬಿಸಿಎ ಕೊನೇ ವರ್ಷ ಓದುತ್ತಿದ್ದ ಗಗನ ಅದರ ವಿಂಡೋಸ್ ಕಿತ್ತು, ಪೆಂಗ್ವಿನ್ ಗುರುತಿನ ಲಿನಕ್ಸ್ ಹಾಕಿಕೊಂಡಿದ್ದ. ಒಂದು ಭಾನುವಾರ ಅದರಲ್ಲಿ ಸೌಂಡು ಬರುತ್ತಿರಲಿಲ್ಲ, ಮುಂದಿನ ಭಾನುವಾರ ಸೌಂಡು ಬಂದರೆ ವೈಫೈ ಹಿಡಿಯುತ್ತಿರಲಿಲ್ಲ. ಹಣೆಹಣೆ ಚಚ್ಚಿಕೊಂಡು ಎಲ್ಲ ಸರಿಮಾಡಿ ಎರಡು ದಿನ ನೆಮ್ಮದಿಯಾಗಿರುತ್ತಿದ್ದ. ಮೂರನೇ ದಿನ ಇನ್ನೊಂದು ಜಾತಿಯ ಲಿನಕ್ಸ್ ಹೊಸದಾಗಿ ಬಂದಿದೆಯಂತೆ ಅಂತ ಇದ್ದಬದ್ದದ್ದನ್ನೆಲ್ಲ ಕಿತ್ತುಹಾಕಿ ಮೊದಲಿಂದ ಶುರುಮಾಡುತ್ತಿದ್ದ. ಸರಿಯಿದ್ದರೆ ಅವನಿಗೆ ಕೈ ಕಟ್ಟಿಹಾಕಿದ ಹಾಗಾಗುತ್ತಿತ್ತು. ಇದನ್ನೆಲ್ಲ ಅಪ್ಪ ಅಮ್ಮ ಕಂಡದ್ದು ಹೀಗೆ: ಮಗ ಕರಿ ಪರದೆಯ ಮುಂದೆ ಕೂತು "ಥೂ ದರಿದ್ರದ್ದು, ಹಾಳಾಗೋಗ್ಲಿ" ಅಂತ ಬೈಯುತ್ತಾನೆ. ಅಷ್ಟನ್ನು ನೋಡಿಯೂ ಸುಮ್ಮನಿರಲು ಅವರೇನು ಕಲ್ಲೇ?

ಗಗನ ಕೂಡಲೇ ಅಂಗಡಿಯ ರಂಜಿತನಿಗೆ ಫೋನು ಹಚ್ಚಿದ. ಆ ಪುಣ್ಯಾತ್ಮ ಹೆಮ್ಮೆಯಿಂದ ಹೇಳಿದ: "ಫುಲ್ ಕ್ಲೀನ್ ಮಾಡಿವ್ನಿ ಬ್ರದರ್. ಮ್ಯಾಲೆ ಮ್ಯಾಲೆ ಅಲ್ಲ, ಅಳೇದು ಒಂದ್ ಚೂರೂ ಉಳೀದಂಗೆ ಅಳಿಸಿವ್ನಿ. ಇನ್ ಐದ್ ವರ್ಷ ತಿರ್ಗಿ ನೋಡಂಗಿಲ್ಲ."

ಆ 'ಹಳೇದರಲ್ಲಿ' ಗಗನನ ವೆಬ್‌ಸೈಟಿತ್ತು. ಸ್ವಂತ ವೆಬ್‌ಸೈಟು, ಸ್ವಂತ ಲ್ಯಾಪ್‌ಟಾಪಿನಲ್ಲೇ ನಡೆಯುವಂಥದ್ದು. ಜೊತೆಗೆ ಓದುತ್ತಿದ್ದ ಪಾಲುದಾರ ಸಿದ್ದೇಶ್, ಮಂಡ್ಯದ ಗುತ್ತಲಿನ ಹುಡುಗ, "ಒಂದ್ ಕಾಪಿ ಪೆನ್‌ಡ್ರೈವ್‌ಗಾದ್ರೂ ಹಾಕಿಡ್ಲಾ" ಅಂತ ಬಡಕೊಂಡಿದ್ದ. ಗಗನ ಅವನಿಗೆ ಲಿನಕ್ಸ್ ಹೇಗೆ ಕೆಡುವುದೇ ಇಲ್ಲ ಅಂತ ಮುಕ್ಕಾಲು ಗಂಟೆ ಭಾಷಣ ಕೊಟ್ಟಿದ್ದ. ಲಿನಕ್ಸ್ ಕೆಡಲಿಲ್ಲ ಅನ್ನುವುದೇನೋ ನಿಜ.

ಆ ವೆಬ್‌ಸೈಟೇ ಅವರಿಬ್ಬರ ಕೊನೇ ಸೆಮಿಸ್ಟರಿನ ಪ್ರಾಜೆಕ್ಟು. ಮದ್ದೂರು–ಮಳವಳ್ಳಿ ರಸ್ತೆಯಲ್ಲಿ ಅವನ ಊರನ್ನು ಹಾದುಹೋಗುವ ಬಸ್ಸುಗಳ ಪಟ್ಟಿ. ಎದುರಿಗೆ ಎರಡು ಕಾಲಂ: ಬೋರ್ಡಿನಲ್ಲಿ ಬರೆದ ಟೈಮು ಒಂದು, ಬಸ್ಸು ನಿಜವಾಗಿ ಹೊರಡುವ ಟೈಮು ಇನ್ನೊಂದು. ಎರಡನೇ ಕಾಲಮ್ಮಿಗಾಗಿ ಗಗನ ಎರಡು ತಿಂಗಳು ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ. ಬಿಸಿಲಲ್ಲಿ ನಿಂತು, ಕಂಡಕ್ಟರುಗಳ ಕೈಲಿ ಬೈಸಿಕೊಂಡು, ಟಿಕೆಟ್ಟಿನ ಹಿಂದೆ ಗೀಚಿಕೊಂಡು, ಮನೆಗೆ ಬಂದು ಟೈಪ್ ಮಾಡಿ ಟಿಕೆಟ್ಟು ಬಿಸಾಡುತ್ತಿದ್ದ. ಸೋಮವಾರ ಹನ್ನೊಂದಕ್ಕೆ ನಾಗಶ್ರೀ ಮೇಡಂ ಮುಂದೆ ಅದನ್ನು ತೋರಿಸಬೇಕಿತ್ತು. ತೋರಿಸದಿದ್ದರೆ ಇಬ್ಬರೂ ಫೇಲು. ಸಿದ್ದೇಶನಿಗೆ ಆಗಲೇ ಮೈಸೂರಿನಲ್ಲಿ ಎಂಸಿಎಗೆ ಸೇರುವ ಆಸೆ ಹುಟ್ಟಿತ್ತು, ಅದೂ ಒಂದು ವರ್ಷ ಹೋಗುತ್ತಿತ್ತು.

"ಅಪ್ಪ, ಯಾರ್ ಹೇಳಿದ್ರು ನಿಂಗೆ? ಯಾರ್ ಕೇಳಿದ್ರು? ಒಂದ್ ಫೋನ್ ಮಾಡಕ್ಕಾಗ್ತಿರ್ಲಿಲ್ವಾ?" ಗಗನ ಕೂಗಾಡಿದ. ಎದುರುಮನೆ ಮಂಗಳಮ್ಮ ಬಾಗಿಲಿಗೆ ಬಂದು ನಿಂತು ನೋಡಿದಳು. "ಎರಡು ತಿಂಗಳು ಕಣಪ್ಪಾ! ನಾಯಿ ಅಲೆದಂಗೆ ಅಲೆದಿವ್ನಿ!"

ಅಮ್ಮ ಯಶೋದಮ್ಮ ಸಾರಿನ ಸೌಟು ಹಿಡಿದೇ ಹೊರಗೆ ಬಂದಳು. "ಯಾಕ್ಲಾ ಅಂಗ್ ಕಿರುಚ್ತೀಯ? ನಿನ್ ಕಷ್ಟ ನೋಡಕ್ಕಾಗ್ದೆ ರಜಾ ದಿನ ಅದ್ನ ಒತ್ಕಂಡ್ ಓಗಿದ್ರು. ಊಟಾನೂ ಮಾಡಿಲ್ಲ."

ಚಲುವರಾಜು ಎದ್ದು ನಿಂತಿದ್ದ. ಗೆಜ್ಜಲಗೆರೆಯ ಫ್ಯಾಕ್ಟರಿಯಲ್ಲಿ ಹತ್ತೊಂಬತ್ತು ವರ್ಷ ಮೇಲಿನವರ ಬೈಗುಳ ಕೇಳಿ ಅಭ್ಯಾಸವಿದ್ದವನು ಮಗನ ಮಾತಿಗೆ ಮಾತ್ರ ಏನು ಮಾಡಬೇಕೋ ತಿಳಿಯದೆ ಟವೆಲ್ಲು ಹೆಗಲಿಂದ ತೆಗೆದ, ಮತ್ತೆ ಹಾಕಿಕೊಂಡ.

"ಅಂಗ್ಡಿ ಹುಡ್ಗ ಕೇಳ್ದ ಕಣ್ಲಾ. ಒಳ್ಗೆ ಮುಖ್ಯವಾದ್ದು ಏನಾರ ಐತಾ ಯಜಮಾನ್ರೇ, ಅಂತ. ನಾನು ಏನಿಲ್ಲ ಅಂದೆ."

"ಏನಿಲ್ಲ ಅಂತ ಯಾಕಂದೆ?"

"ನೀನೇ ಅಂಗೇಳದು. ಏನ್ಲಾ ಮಾಡ್ತಿದ್ದೀಯ ಅಂತ ನಾನು ಎಷ್ಟ್ ದಪ ಕೇಳಿಲ್ಲ? ಏನಿಲ್ಲ ಬುಡಪ್ಪಾ, ನಿಂಗೆ ಗೊತ್ತಾಗಕಿಲ್ಲ ಅಂತೀಯ. ಏನಿಲ್ಲ ಅಂದ್ರೆ ಏನಿಲ್ಲ ಅಂತ್ಲೇ ಅಲ್ವಾ ನಾನು ತಿಳ್ಕಳದು?"

ಗಗನನಿಗೆ ಸಿಟ್ಟು ಇನ್ನೂ ಇತ್ತು, ಆದರೆ ಅದನ್ನು ಯಾರ ಮೇಲೆ ಹಾಕಬೇಕೋ ಗೊತ್ತಾಗಲಿಲ್ಲ. ಒಳಗೆ ಹೋಗಿ ಧಡಾರನೆ ಬಾಗಿಲು ಹಾಕಿಕೊಂಡ. ಸಿದ್ದೇಶನಿಗೆ ಫೋನು ಮಾಡಿ ವಿಷಯ ಹೇಳಿದ.

"ಪೆನ್‌ಡ್ರೈವ್ ಅಂದಿದ್ದೆ," ಅಂದ ಸಿದ್ದೇಶ್.

"ಗೊತ್ತು."

"ನಾಕ್ ಸಲ ಅಂದಿದ್ದೆ."

"ಗೊತ್ತು ಕಣ್ಲಾ, ಸಾಕು ಬುಡು."

ಮೊದಮೊದಲಿಗೆ ಬರೆದಿದ್ದ ಪ್ರೋಗ್ರಾಮಿನ ಹಳೇ ಕಾಪಿಯೊಂದು ಸಿದ್ದೇಶನ ಹತ್ತಿರ ಇತ್ತು. ಅದನ್ನು ತಿದ್ದಿ ನಿಲ್ಲಿಸುವುದು ಒಂದು ರಾತ್ರಿಯ ಕೆಲಸ, ಸಿದ್ದೇಶ್ ಮಾಡುತ್ತೇನೆ ಅಂದ. ಆದರೆ ಪಟ್ಟಿಯಿಲ್ಲದೆ ಅದು ಬರೀ ಖಾಲಿ ಗೂಡು. ಬೋರ್ಡಿನಲ್ಲಿದ್ದ ಐವತ್ತಾರು ಬಸ್ಸುಗಳ ನಿಜವಾದ ಟೈಮು ಒಂದು ಭಾನುವಾರದಲ್ಲಿ ಎಲ್ಲಿಂದ ತರುವುದು?

ಭಾನುವಾರ ಬೆಳಿಗ್ಗೆ ಗಗನ ನೋಟ್‌ಬುಕ್ ಹಿಡಿದು ನೆನಪಿದ್ದಷ್ಟನ್ನು ಬರೆಯಲು ಕೂತ. ಹನ್ನೊಂದು ಬಸ್ಸು ನೆನಪಾದವು. ಅದರಲ್ಲೂ ಒಂದಕ್ಕೊಂದು ಬೆರೆತುಹೋಗಿದ್ದವು. ಏಳೂ ಕಾಲೋ ಏಳೂವರೆಯೋ ಅಂತ ತನಗೆ ತಾನೇ ಗೊಣಗುತ್ತಿರುವಾಗ ಜಗಲಿಯಲ್ಲಿ ಗಡ್ಡ ಕೆರೆದುಕೊಳ್ಳುತ್ತಿದ್ದ ಅಪ್ಪ ಕನ್ನಡಿಯಿಂದ ಮುಖ ತಿರುಗಿಸದೆ ಅಂದ:

"ಏಳೂ ಇಪ್ಪತ್ತು. ಬೋರ್ಡ್ನಲ್ಲಿ ಏಳೂ ಕಾಲು ಅಂತ ಐತೆ, ಆದ್ರೆ ಡ್ರೈವರ್ ಇಡ್ಲಿ ತಿನ್ಕಂಡೇ ಅತ್ತದು."

ಗಗನ ಪೆನ್ನು ನಿಲ್ಲಿಸಿದ. "ಆಮೇಲಿಂದು?"

"ಏಳೂ ಮುಕ್ಕಾಲಿಂದು. ಅದು ಸ್ಕೂಲ್ ರಜಾ ಇದ್ರೆ ಬರಕಿಲ್ಲ."

ಆ ಬಸ್ಸೇ ಇಲ್ಲ ಅಂತ ಗಗನ ಪಟ್ಟಿಯಿಂದ ಹೊಡೆದುಹಾಕಿದ್ದ. ಅವನು ಬಸ್ ಸ್ಟ್ಯಾಂಡಿಗೆ ಹೋಗಿ ನಿಂತದ್ದೆಲ್ಲ ರಜಾ ದಿನಗಳಲ್ಲೇ. ಎರಡು ತಿಂಗಳು ಬಿಸಿಲು ಕುಡಿದು ಸಂಪಾದಿಸಿದ್ದರಲ್ಲಿ ಅರ್ಧ ತಪ್ಪಿತ್ತು. ಹತ್ತೊಂಬತ್ತು ವರ್ಷ ಮೂರು ಶಿಫ್ಟಿನಲ್ಲೂ ಆ ರಸ್ತೆಯಲ್ಲಿ ಓಡಾಡಿದ ಮನುಷ್ಯ ಅದೇ ಮನೆಯ ಜಗಲಿಯಲ್ಲಿ ಕೂತಿದ್ದ. ಒಂದು ಮಾತು ಕೇಳಿದ್ದರೆ ಸಾಕಿತ್ತು. ಗಗನನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಅವನು ಚಾಪೆ ಎಳೆದುಕೊಂಡು ಅಪ್ಪನ ಪಕ್ಕ ಕೂತ. ತಾನು ಏನು ಮಾಡುತ್ತಿದ್ದೇನೆ, ಯಾಕೆ ಮಾಡುತ್ತಿದ್ದೇನೆ, ಸೋಮವಾರ ಏನಾಗಬೇಕು, ಎಲ್ಲವನ್ನೂ ಮೊದಲ ಸಲ ಬಿಡಿಸಿ ಹೇಳಿದ. ಚಲುವರಾಜು ಅರ್ಧ ಮುಖದ ಸೋಪು ಒಣಗುವವರೆಗೂ ಕೇಳಿದ.

"ಅಷ್ಟೇಯಾ?" ಅಂದ. "ಬರ್ಕೊ ಮತ್ತೆ."

ಬರೆದುಕೊಳ್ಳುವುದು ಅಷ್ಟು ಸುಲಭವಾಗಿದ್ದರೆ ಆಗುತ್ತಿತ್ತು. ಚಲುವರಾಜುವಿನ ಬಾಯಲ್ಲಿ ಯಾವ ಬಸ್ಸೂ ಬರೀ ಟೈಮಾಗಿ ಬರುತ್ತಿರಲಿಲ್ಲ. ಒಂದೊಂದು ಬಸ್ಸಿಗೂ ಒಬ್ಬ ಡ್ರೈವರು, ಅವನಿಗೊಂದು ಊರು, ಆ ಊರಿನಲ್ಲಿ ಅವನ ತಂಗಿಯ ಮದುವೆ, ಆ ಮದುವೆಯ ಬೀಗರ ಊಟದಲ್ಲಿ ಆದ ಜಗಳ.

"ಆಮೇಲೆ ಸಂಜೆ ಒಂದು ಬತ್ತದೆ, ಹಾಲ್ ಹಾಕಕ್ ಬತ್ತಾರಲ್ಲ ಹೆಂಗಸ್ರು, ಆ ಒತ್ತಿಗೆ."

"ಅಪ್ಪ, ಗಂಟೆ ಹೇಳು."

"ಅದೇ ಏಳ್ತಿಲ್ವಾ, ಹಾಲ್ ಹಾಕೋ ಒತ್ತು."

"ಹಾಲ್ ಹಾಕೋ ಹೊತ್ತು ಅಂತ ಟೈಪ್ ಮಾಡಿದ್ರೆ ಕಂಪ್ಯೂಟ್ರು ತಗಳಲ್ಲ ಕಣಪ್ಪಾ!"

"ತಗಳ್ದಿದ್ರೆ ಅದ್ಯಾತರ ಕಂಪ್ಯೂಟ್ರು? ಆರೂ ಐದು ಅಂತ ಹಾಕು. ಮಳೆಗಾಲ್ದಲ್ಲಿ ಆರೂ ಕಾಲು."

"ಮಳೆಗಾಲಕ್ಕೆ ಬೇರೆ ಕಾಲಂ ಇಲ್ಲ."

"ಮಾಡು."

ಯಶೋದಮ್ಮ ತಿಂಡಿಗೆ ಕರೆದಳು, ಯಾರೂ ಏಳಲಿಲ್ಲ. ಕೊನೆಗೆ ಅವಳೇ ಎರಡು ತಟ್ಟೆ ತಂದು ಕುಕ್ಕಿದಳು. ಮಂಗಳಮ್ಮ ಕೂಡ ಬಂದು ಕೂತು, ದೊಡ್ಡಿ ಸ್ಟಾಪಿನಲ್ಲಿ ನಿಲ್ಲಿಸದೇ ಹೋಗುವ ಬಸ್ಸಿನ ಬಗ್ಗೆ ತನಗಿದ್ದ ಸಿಟ್ಟನ್ನೆಲ್ಲ ಕಾರಿಕೊಂಡಳು. ಅದನ್ನೂ ಬರೆದುಕೋ ಅಂತ ಹಟ ಹಿಡಿದಳು. ಗಗನನಿಗೆ ಇನ್ನೇನು ಅಳು ಬರುವುದೊಂದು ಬಾಕಿ. ಆದರೂ ಸಂಜೆ ನಾಲ್ಕರ ಹೊತ್ತಿಗೆ ಐವತ್ತೈದು ಬಸ್ಸು ಕಾಗದಕ್ಕೆ ಇಳಿದಿದ್ದವು.

"ಐವತ್ತಾರನೇದು, ಮದ್ದೂರಿಂದ ಮಳವಳ್ಳಿಗೆ ರಾತ್ರಿ ಕಡೇ ಬಸ್ಸು," ಅಂದ ಗಗನ. "ಬೋರ್ಡ್ ಟೈಮು ಹತ್ತೂ ಹತ್ತು. ಇದು ನಂಗೇ ಗೊತ್ತು ಬುಡಪ್ಪ, ಕಾಲೇಜ್ ಫಂಕ್ಷನ್ ದಿನ ಒಳಗೇ ಕೂತಿದ್ದೆ. ಹತ್ತೂವರೆ ದಾಟಿದ್ರೂ ಆ ಡ್ರೈವರ್ ಕದಲ್ಲ. ನಾನು ರೈಟ್ ಹೇಳ್ರೀ ಅಂತ ಕೂಗಾಡಿ ಬಂದಿವ್ನಿ."

"ಯಾರ್‌ಗೆ, ಕೆಂಪಸಿದ್ದಯ್ಯನ್ಗಾ?"

"ಹೆಸ್ರು ಯಾರಿಗ್ ಗೊತ್ತು. ದಪ್ಪ ಮೀಸೆ. ಹತ್ತೂ ನಲವತ್ತು ಅಂತ ಹಾಕಿ, ದಿನಾ ಲೇಟು ಅಂತ ಕೆಂಪಕ್ಷರದಲ್ಲಿ ಬರೀತೀನಿ."

ಚಲುವರಾಜು ಮಗನ ಕೈಲಿದ್ದ ಪೆನ್ನಿನ ಮೇಲೆ ಕೈಯಿಟ್ಟ.

"ಅದ್ನ ಬರೀಬೇಡ ಕಣ್ಲಾ."

"ಯಾಕೆ?"

"ನಮ್ ಸೆಕೆಂಡ್ ಶಿಫ್ಟು ಬುಡದು ಹತ್ತಕ್ಕೆ. ಗೇಟಲ್ಲಿ ಚೆಕ್ ಮಾಡಿಸ್ಕಂಡು, ಹೈವೇಲಿ ಬಸ್ ಇಡ್ಕಂಡು ಮದ್ದೂರಿಗ್ ಬರೋ ಒತ್ತಿಗೆ ಹತ್ತೂ ಮೂವತ್ತೈದು. ನಾವು ಹದಿನಾಲ್ಕ್ ಜನ ಇವ್ರೆ ಈ ಕಡೆ ಊರ್ನೋರು. ನಾವು ಅತ್ತೋಗಂಟ ಕೆಂಪಸಿದ್ದಯ್ಯ ಬಸ್ ಎತ್ತಕಿಲ್ಲ. ಬೈಸ್ಕತಾನೆ, ಆದ್ರೂ ಎತ್ತಕಿಲ್ಲ. ಮುಂಚೆ ಇದ್ದ ಡ್ರೈವರ್ ಕಾಲ್ದಲ್ಲಿ ನಾವು ಬಸ್ ಸ್ಟ್ಯಾಂಡಲ್ಲೇ ಮಲಗಿ ಬೆಳಗಾತ ಬತ್ತಿದ್ದೋ. ನೀನು ಚಿಕ್ಕೋನು ಆಗ." ಚಲುವರಾಜು ದನಿ ತಗ್ಗಿಸಿದ. "ಬಸ್ ಓನರ್‌ಗೆ ಗೊತ್ತಿಲ್ಲ ಇದು. ನಿನ್ ಲಿಸ್ಟು ಎಲ್ರಿಗೂ ಕಾಣ್ತದೆ ಅಂದ್ಯಲ್ಲ. ಅವ್ನಿಗೂ ಕಾಣ್ತದೆ."

ಅವತ್ತು ತಾನು ಆ ಡ್ರೈವರಿಗೆ ಅಂದಿದ್ದ ಮಾತುಗಳೆಲ್ಲ ಗಗನನಿಗೆ ನೆನಪಾದವು. ಎರಡನೇ ಕಾಲಮ್ಮಿನಲ್ಲೂ ಹತ್ತೂ ಹತ್ತು ಅಂತ ಬರೆದು ಮುಗಿಸೋಣವೆಂದುಕೊಂಡ, ಕೈ ಬರಲಿಲ್ಲ. ಅದೊಂದು ಸುಳ್ಳು ಹೊಕ್ಕರೆ ಅಪ್ಪ ದಿನವಿಡೀ ಕೂತು ಬರೆಸಿದ್ದಕ್ಕೂ ಬಸ್ ಸ್ಟ್ಯಾಂಡಿನ ಬೋರ್ಡಿಗೂ ವ್ಯತ್ಯಾಸವೇ ಉಳಿಯುತ್ತಿರಲಿಲ್ಲ. ಆ ಜಾಗವನ್ನು ಖಾಲಿ ಬಿಟ್ಟು ಪಟ್ಟಿಯನ್ನು ಟೈಪ್ ಮಾಡಿ ಸಿದ್ದೇಶನಿಗೆ ಕಳಿಸಿದ. ಈ ಸಲ ಪೆನ್‌ಡ್ರೈವಿಗೂ ಒಂದು ಕಾಪಿ ಹಾಕಿದ.

ಸೋಮವಾರ ಹನ್ನೊಂದಕ್ಕೆ ನಾಗಶ್ರೀ ಮೇಡಂ ಸಾಲು ಸಾಲಾಗಿ ನೋಡುತ್ತಾ ಬಂದರು. ಮಳೆಗಾಲದ ಕಾಲಂ ಕಂಡು ನಕ್ಕರು, ಮೆಚ್ಚಿಕೊಂಡರು. ಗಗನನ ಜೀವಕ್ಕೆ ಜೀವ ಬಂತು. ಅವರ ಬೆರಳು ಕೊನೆಯ ಸಾಲಿಗೆ ಬಂದು ನಿಂತಿತು.

"ಇದು ಯಾಕೆ ಖಾಲಿ? ಎಲ್ಲಾ ಬಸ್ಸಿಗೂ ಇದೆ, ಕಡೇ ಬಸ್ಸಿಗೇ ಇಲ್ಲ. ಜನಕ್ಕೆ ಮುಖ್ಯವಾಗಿ ಬೇಕಾಗಿರೋದೇ ಅದಲ್ವೇನಪ್ಪ?"

ಸಿದ್ದೇಶ್ ಮೊಣಕೈಯಿಂದ ತಿವಿದ. ಶನಿವಾರದವರೆಗೆ ಆ ಜಾಗದಲ್ಲಿ ಏನಿತ್ತು ಅಂತ ಅವನಿಗೂ ಗೊತ್ತಿತ್ತು.

"ಗೊತ್ತಾಗ್ಲಿಲ್ಲ ಮೇಡಂ," ಅಂದ ಗಗನ.

"ಎರಡು ತಿಂಗಳು ಮಾಡಿದ್ದೀರ. ಅದೊಂದು ಗೊತ್ತಾಗ್ಲಿಲ್ವಾ?"

"ಇಲ್ಲ ಮೇಡಂ."

ಮೇಡಂ ತಲೆಯಾಡಿಸಿ, ಅಪೂರ್ಣ ಅಂತ ಬರೆದು ಹತ್ತು ಮಾರ್ಕ್ಸು ಕಳೆದರು. ಪಾಸಂತೂ ಆಯಿತು. ಹೊರಗೆ ಬಂದದ್ದೇ ಸಿದ್ದೇಶ್ ಬಾಯಿಗೆ ಬಂದಂತೆ ಬೈದ: ತಲೆಯಲ್ಲಿ ಏನಿದೆ, ಮಣ್ಣಾ, ಹತ್ತೂ ನಲವತ್ತು ಅನ್ನುವುದಕ್ಕೆ ಏನು ಧಾಡಿ, ನಿನ್ನ ಜೊತೆ ಪ್ರಾಜೆಕ್ಟು ಮಾಡಿದ್ದೇ ತಪ್ಪು. ಗಗನ ಅಷ್ಟನ್ನೂ ಕೇಳಿಸಿಕೊಂಡ. ಹತ್ತು ಮಾರ್ಕ್ಸಿಗೆ ಅವನ ಹೊಟ್ಟೆಯೂ ಉರಿಯುತ್ತಿತ್ತು. ಆದರೆ ಅವತ್ತಿಂದ ಅಪ್ಪನಿಗೆ ಸೆಕೆಂಡ್ ಶಿಫ್ಟಿತ್ತು.