ಒಳಗೆ ಹೋಗಬಲ್ಲ ದನಿ

ಒಂದು ಜಡೆ ಹೆಣೆದು ಇನ್ನೊಂದರ ಸಿಕ್ಕು ಬಿಡಿಸುತ್ತಿದ್ದಾಗ ಫೋನು ಬಡಿದುಕೊಂಡಿತು. ಬಾಯಲ್ಲಿ ಕಚ್ಚಿಕೊಂಡಿದ್ದ ರಿಬ್ಬನ್ನನ್ನು ಮಗಳ ಹೆಗಲಿಗೆ ಹಾಕಿ ಅಮ್ಮ ಫೋನೆತ್ತಿದಳು. ಆಸ್ಪತ್ರೆಯ ನಂಬರು ಕಂಡರೆ ಸಾಕು, ಅವಳೆದೆ ಧಸಕ್ಕೆನ್ನುತ್ತಿತ್ತು.

"ಗಾಬರಿ ಆಗ್ಬೇಡಿ, ಅವ್ರು ನಿನ್ನೆ ಹಾಗೇ ಇದ್ದಾರೆ," ಎಂದಳು ಐಸಿಯು ನರ್ಸ್. "ಮನೆಯವರ ದನಿ ಕೇಳ್ಸಿದ್ರೆ ರೋಗಿಗಳ ಗಲಿಬಿಲಿ ಕಡಿಮೆ ಆಗುತ್ತಾ ಅಂತ ನಮ್ಮಲ್ಲಿ ಸಂಶೋಧನೆ ನಡೀತಿದೆಯಲ್ಲ, ನೀವು ಒಪ್ಪಿದ್ರಿ. ಇವತ್ತು ಶುರು ಮಾಡ್ತೀವಿ. ಮಗಳ ಮಾತು ರೆಕಾರ್ಡ್ ಮಾಡಿ ತನ್ನಿ. ಮಕ್ಕಳನ್ನ ಒಳಗೆ ಬಿಡಲ್ಲ, ದನಿಗೇನೂ ಅಡ್ಡಿ ಇಲ್ಲ."

"ಅದ್ರಿಂದ ಸರಿಹೋಗ್ತಾರಾ ಸಿಸ್ಟರ್?"

"ಗೊತ್ತಿದ್ರೆ ಸಂಶೋಧನೆ ಯಾಕಮ್ಮ? ಮನೇಲಿ ಮಾತಾಡೋ ಹಾಗೇ ಇರ್ಲಿ. ಕುಕ್ಕರ್ ಕೂಗಿದ್ರೂ ಪರವಾಗಿಲ್ಲ."

ಎದೆಯ ಸೋಂಕಿಗೆ ಆಸ್ಪತ್ರೆ ಸೇರಿದ ಗಂಡ, ಉಸಿರಿನ ಕೊಳವೆ ತೆಗೆದ ಮೇಲೆ ಬೇರೆಯವನೇ ಆಗಿದ್ದ. ಸೂಜಿ ಕೀಳಲು ಹೋಗುತ್ತಿದ್ದ, ಗೋಡೆಯ ಜೊತೆ ಮಾತಾಡುತ್ತಿದ್ದ. ಮದುವೆಯಾದಂದಿನಿಂದ 'ಲೇ' ಎಂದೇ ಕರೆದವನು ಮೊನ್ನೆ ಅವಳನ್ನು ನೋಡಿ, "ನೀವು ಯಾರ ಕಡೆಯವರು?" ಎಂದು ಬಲು ಮರ್ಯಾದೆಯಿಂದ ಕೇಳಿದ್ದ. ಆ ಮರ್ಯಾದೆಯೇ ಅವಳ ಕರುಳಿಗೆ ಕೈ ಹಾಕಿತ್ತು. ಮನೆಗೆ ಬಂದು ಅಡುಗೆಮನೆಯಲ್ಲಿ ಅತ್ತೆಯೆದುರು ಅದನ್ನೇ ಹೇಳಿಕೊಂಡು ಅತ್ತಿದ್ದಳು. ಬಾಗಿಲಾಚೆ ನಿಂತ ಪುಟ್ಟ ಪಾದಗಳು ಕಂಡದ್ದು ಆಮೇಲೆ. ಅಂದಿನಿಂದ ಮಗಳ ಬಾಯಿಗೆ ಬೀಗ ಬಿದ್ದಿತ್ತು. ಎಡೆಬಿಡದೆ ಚಟಪಟಗುಟ್ಟುವುದಕ್ಕೆ ಅಪ್ಪ ಅವಳಿಗಿಟ್ಟ ಹೆಸರು ಚಿನಕುರಳಿ.

"ಅಪ್ಪಂಗೆ ನಮಸ್ಕಾರ, ಬೇಗ ಗುಣವಾಗಿ ಬನ್ನಿ ಅನ್ನು," ಎಂದು ಅಮ್ಮ ಹೇಳಿಕೊಟ್ಟಳು. ಮಗಳು ಕೈಕಟ್ಟಿ ನಿಂತು ಅಷ್ಟನ್ನೂ ಒಪ್ಪಿಸಿದಳು.

"ಇದೇನೇ, ಶಾಲೆಗೆ ಇನ್‌ಸ್ಪೆಕ್ಟರ್ ಬಂದ ಹಾಗಿದೆ!" ಅಜ್ಜಿ ಹಣೆ ಚಚ್ಚಿಕೊಂಡಳು. "ನನ್ನ ಮಗ ಇದನ್ನ ಕೇಳಿದ್ರೆ, ಇರೋ ನೆನಪೂ ಎದ್ದು ಓಡಿ ಹೋಗುತ್ತೆ."

ಅಮ್ಮನಿಗೆ ನಗು ಬಂತು, ಜೊತೆಗೇ ಕಣ್ಣೂ ತುಂಬಿತು. ಹೌದು, ಅವನು ಹಂಬಲಿಸಬಹುದಾದ ದನಿ ಇದಲ್ಲ. ಅವಳೂ ಇಷ್ಟು ದಿನ ಕಾಯುತ್ತಿದ್ದದ್ದು ಒಂದು 'ಲೇ'ಗೆ ತಾನೆ? ರೆಕಾರ್ಡ್ ಮಾಡಿದ್ದನ್ನು ಅಳಿಸಿದಳು. ಮಗಳನ್ನು ಮೊಣಕಾಲ ನಡುವೆ ಕೂರಿಸಿಕೊಂಡು, ಫೋನನ್ನು ನೆಲದ ಮೇಲಿಟ್ಟು, ಮತ್ತೆ ಬಾಚಣಿಗೆ ಹಿಡಿದಳು.

"ಏನಾದ್ರೂ ಹೇಳು ಕಂದ. ಏನೂ ಬೇಡ ಅಂದ್ರೆ ಸುಮ್ನೆ ಕೂತ್ಕೋ."

ಅತ್ತ ಅಜ್ಜಿ ಪಾತ್ರೆ ತೊಳೆಯತೊಡಗಿದಳು. ಜಡೆ ಅರ್ಧಕ್ಕೆ ಬಂತು.

"ಅಪ್ಪಾ, ನನ್ನ ಹಲ್ಲು ಬಿತ್ತು," ಎಂದಳು ಮಗಳು ಕೊನೆಗೂ. "ಮುಂದಿಂದು. ಅಜ್ಜಿ ನನ್ನ ಬೊಚ್ಚುಬಾಯಿ ಅಂತಾಳೆ, ಅವಳಿಗೇ ಒಂದೂ ಹಲ್ಲಿಲ್ಲ. ಅಮ್ಮ ಜಡೆ ಬಿಗೀತಿದ್ದಾಳೆ, ನೋಯ್ತಿದೆ. ನೀನು ಹಾಕಿದ್ರೆ ಸಡಿಲ ಇರುತ್ತೆ, ಆದ್ರೆ ಸೊಟ್ಟ..."

ಅಮ್ಮ ಕೈ ನಿಲ್ಲಿಸಲಿಲ್ಲ, ಫೋನಿನತ್ತಲೂ ನೋಡಲಿಲ್ಲ. ಮಗಳು ಬಗ್ಗಿ ಫೋನಿಗೆ ಬಾಯಿ ತಾಗಿಸಿ, ಗಟ್ಟಿಯಾಗಿಯೇ ಕೇಳಿದಳು:

"ಅಪ್ಪಾ, ನಾನು ಯಾರು ಅಂತ ನಿಂಗೆ ಗೊತ್ತಾ?"