ಹಾಸಿಗೆಯ ಕೆಳಗಿನ ಬಾಟಲಿ

ನಾನು ಒಂದು ದಪ್ಪ ಗಾಜಿನ ಬಾಟಲಿ. ಮರಳು ಕರಗಿ, ಅಚ್ಚಿನಲ್ಲಿ ಹುಟ್ಟಿ, ಇಳಕಲ್ ಕಡೆಯ ಒಂದು ಸಣ್ಣ ಆಸ್ಪತ್ರೆಗೆ ಬಂದೆ. ನನ್ನ ಜಾಗ ಯಾವಾಗಲೂ ಹಾಸಿಗೆಯ ಕೆಳಗೆ, ನೆಲದ ಮೇಲೆ. ರೋಗಿಯ ಎದೆಯಿಂದ ಇಳಿದ ಕೊಳವೆಯ ತುದಿ ನನ್ನೊಳಗಿನ ನೀರಿನಲ್ಲಿ ಮುಳುಗಿರುತ್ತದೆ. ಎದೆಗೂಡಿನಲ್ಲಿ ಸಿಕ್ಕಿಕೊಂಡ ಗಾಳಿ ಗುಳುಗುಳು ಎನ್ನುತ್ತ ನನ್ನೊಳಕ್ಕೆ ಬರುತ್ತದೆ, ಹಿಂದಿರುಗಲಾರದು. ಕೆಲವರ ಕೊನೆಯ ಗುಳ್ಳೆ ನನ್ನಲ್ಲೇ ಒಡೆದಿದೆ.

ಒಂದು ಮಧ್ಯಾಹ್ನ ಕಲ್ಲಿನ ಕ್ವಾರಿಯಿಂದ ಯಮನಪ್ಪನನ್ನು ಹೊತ್ತು ತಂದರು. ಜಾರಿದ ಬಂಡೆ ಎದೆ ಅಮುಕಿತ್ತು. ಹೊರಗೆ ಒಂದು ಹನಿ ರಕ್ತವಿಲ್ಲ, ತುಟಿ ಮಾತ್ರ ನೀಲಿ.

"ಬಲಗಡೆ ಉಸಿರಿನ ಸಪ್ಪಳನ ಇಲ್ಲ," ಎಂದರು ಡಾಕ್ಟರ್ ಸುನಂದಾ. "ಕೊರಳಿನ ನರ ಉಬ್ಯಾವು. ಉಸಿರಿನ ನಾಳ ಎಡಕ್ಕ ಸರದೈತಿ."

"ಎಕ್ಸ್‌ರೇ ತಗಿಯೂಣ್ರಿ ಮೇಡಂ?" ಎಂದಳು ಸಿಸ್ಟರ್.

"ಅಷ್ಟೊತ್ತು ಇಂವ ಉಳಿಯಂಗಿಲ್ಲ. ಸೂಜಿ ಕೊಡು."

ಸೂಜಿ ಎದೆಗಿಳಿಯಿತು. ಮುಚ್ಚಿದ ಕೋಣೆಯಿಂದ ಯಾರೋ ಎದ್ದು ಹೋದಂತೆ ಸುಯ್ ಎಂದು ಗಾಳಿ ಹೊರಬಿತ್ತು. ಆಮೇಲೆ ಪಕ್ಕೆಲುಬಿನ ನಡುವೆ ಕೊಳವೆ ಹಾಕಿ ನನಗೆ ಜೋಡಿಸಿದರು.

ಯಮನಪ್ಪನ ಹೆಂಡತಿ ಗ್ಯಾನವ್ವನಿಗೆ ಡಾಕ್ಟರ್ ನನ್ನನ್ನು ತೋರಿಸಿದರು. "ಕೊಳವ್ಯಾಗಿನ ನೀರು ಮ್ಯಾಲೆ ಕೆಳಗ ಆಡಬೇಕವ್ವ. ನಿಂತ್ರ ಕೂಗು. ಬಾಟಲಿ ಮಾತ್ರ ಎದಿಗಿಂತ ಮ್ಯಾಲೆ ಎತ್ತಬ್ಯಾಡ."

ಅವಳು ನೆಲಕ್ಕೆ ಕುಳಿತು ನನ್ನನ್ನೇ ನೋಡತೊಡಗಿದಳು. ಗಂಡನ ಜೀವ ಗಾಜಿನೊಳಗೆ ಏರಿಳಿಯುತ್ತಿತ್ತು. ಅವಳ ಉಸಿರೂ ಅದರ ಲಯಕ್ಕೆ ಬಿದ್ದಿತು.

ಸಂಜೆ ಎಕ್ಸ್‌ರೇಗೆ ಒಯ್ಯುವಾಗ ಗ್ಯಾನವ್ವನ ಮೈದುನ ಸಂಗಪ್ಪ, ನೀರು ಚೆಲ್ಲೀತೆಂದು ಹೆದರಿ, ಟ್ರೇಯಲ್ಲಿದ್ದ ಇಕ್ಕಳವನ್ನು ಕೊಳವೆಗೆ ಹಾಕಿ ಬಿಗಿದುಬಿಟ್ಟ. ಗುಳ್ಳೆಗಳು ನಿಂತವು. ನೀರು ಸತ್ತಂತೆ ನಿಂತಿತು. ಸ್ಟ್ರೆಚರಿನ ಮೇಲೆ ಯಮನಪ್ಪನ ಹಿಮ್ಮಡಿ ಪಟಪಟ ಬಡಿಯತೊಡಗಿತು.

"ನೀರು ನಿಂತೈತ್ರೀ!" ಗ್ಯಾನವ್ವ ಚೀರಿದಳು. ಓಡಿ ಬಂದ ಸಿಸ್ಟರ್ ಇಕ್ಕಳ ಕಿತ್ತೆಸೆದಳು. ನಾನು ಒಳಗೊಳಗೇ ಕುದ್ದೆ. ಗುಳ್ಳೆಗಳ ಮೇಲೆ ಗುಳ್ಳೆ. ಹಿಮ್ಮಡಿ ನಿಧಾನವಾಗಿ ಶಾಂತವಾಯಿತು.

ಐದನೆಯ ದಿನ ನೀರು ಮತ್ತೆ ನಿಂತಿತು. ಗ್ಯಾನವ್ವ ಬಾಗಿಲಿಗೆ ಓಡಿ ಡಾಕ್ಟರನ್ನು ಕೂಗಿದಳು. ಡಾಕ್ಟರ್ ಬಂದು ಎದೆಗೆ ಕಿವಿಗೊಟ್ಟರು. "ಎರಡೂ ಕಡೆ ಉಸಿರು ಬರಾಕತ್ತೈತಿ. ಪುಪ್ಪುಸ ಪೂರ್ತಿ ಹಿಗ್ಗೈತಿ, ಅದಕ್ಕ ನೀರು ನಿಂತೈತಿ, ಅಂಜಬ್ಯಾಡ." ಎಕ್ಸ್‌ರೇಯೂ ಅದನ್ನೇ ಹೇಳಿತು. ಕೊಳವೆ ತೆಗೆದರು. ಯಮನಪ್ಪ ಹೆಂಡತಿಯ ಹೆಗಲು ಹಿಡಿದು ನಡೆದು ಹೋದ.

ಈಗ ಪ್ಲಾಸ್ಟಿಕ್ ಬಾಟಲಿಗಳು ಬಂದಿವೆ. ನಾನು ಸ್ಟೋರಿನ ಮೂಲೆಯಲ್ಲಿದ್ದೇನೆ. ಬಾಗಿಲು ತೆರೆದಾಗ ಗಾಳಿ ನುಗ್ಗಿ ನನ್ನ ಒಣ ಬಾಯಿ ಹೂಂ ಎನ್ನುತ್ತದೆ. ಹತ್ತಿ ಒಯ್ಯಲು ಬಂದ ಹೊಸ ಸಿಸ್ಟರ್ ಮೊನ್ನೆ ತಿರುಗಿ ನೋಡಿ, "ಯಾರ್ರೀ ಅದು?" ಎಂದಳು.

ಏನೆಂದು ಹೇಳಲಿ? ನನ್ನೊಳಗೆ ಬಂದ ಉಸಿರೆಲ್ಲ ಬೇರೆಯವರದು.